ಹಸುವಿನ ದಿನಚರಿಯೇ ಅದರ ನಾಡಿ

ಮಡಗಾಂವಿನ ಸುತ್ತಮುತ್ತ, ಸಾಂಗೇ, ಕಾಣಕೋಣದ ಕಡೆ, ಗಡಿಯಾಚೆ ಮಾಜಾಳಿ, ಜೋಯಿಡಾದ ಕಡೆ, ಮನೆಯಲ್ಲಿ ಕನ್ನಡವನ್ನೂ ಸಂತೆಯಲ್ಲಿ ಕೊಂಕಣಿಯನ್ನೂ ಆಡುವ ನಮ್ಮಲ್ಲಿ ಒಂದೆರಡು ಕರೆಯುವ ಹಸುಗಳನ್ನು ಕಟ್ಟಿಕೊಂಡವರು ಇದ್ದೀರಿ. ಗೋವೆಯ ನಾಟಿ ತಳಿ ಶ್ವೇತ ಕಪಿಲ ಹಾಲು ಕಡಿಮೆ ಕೊಟ್ಟರೂ ಗಟ್ಟಿ ಜೀವ. ಕಾಮಧೇನು ಯೋಜನೆಯಂಥ ಸಹಾಯಧನದಿಂದ ಬಂದ ಮಿಶ್ರತಳಿ ಹಸು ಹಾಗಲ್ಲ. ಹಾಲು ಹೆಚ್ಚು, ಆದರೆ ಈ ಕರಾವಳಿಯ ಸೆಕೆ, ಮಳೆ, ಉಣ್ಣೆಗಳನ್ನು ತಡೆಯುವ ಶಕ್ತಿ ಕಡಿಮೆ.

ನಾನು ಪಶುವೈದ್ಯನಲ್ಲ. ಬ್ಯಾಂಕಿನ ಗುಮಾಸ್ತನಾಗಿ ಹಸು ಸಾಲದ ಕಾಗದಗಳನ್ನು ನೋಡಿದವನು. ಹಸು ಸತ್ತರೂ ಸಾಲದ ಕಂತು ಸಾಯುವುದಿಲ್ಲ. ವಿಮೆ ಇದ್ದರೆ, ಕಿವಿಯ ಬಿಲ್ಲೆಯೂ ಡಾಕ್ಟರ ಸರ್ಟಿಫಿಕೇಟೂ ಸರಿಯಾಗಿದ್ದರೆ, ಸತ್ತ ಹಸುವಿಗೆ ಹಣ ಬಂದೀತು. ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಹೋದ ಹಾಲಿಗೆ ಯಾರು ಹಣ ಕೊಡುತ್ತಾರೆ? ಆದ್ದರಿಂದ ಕಾಯಿಲೆಯನ್ನು ಮೊದಲ ದಿನವೇ ಹಿಡಿಯುವುದು ಹೇಗೆ ಎಂಬುದನ್ನು ಇಂದು ನೋಡೋಣ.

ಹಸುವಿನ ಪೂರ್ವಜರು ಹುಲಿ ತೋಳಗಳಿಗೆ ಆಹಾರವಾಗುತ್ತಿದ್ದ ಪ್ರಾಣಿಗಳು. ನೋವನ್ನು ತೋರಿಸಿಕೊಂಡವನೇ ಮೊದಲು ಬಲಿ. ಹಾಗಾಗಿ ಹಸು ಕಾಯಿಲೆಯನ್ನು ಆದಷ್ಟು ಮುಚ್ಚಿಡುತ್ತದೆ. ಆದರೆ ದಿನಚರಿಯನ್ನು ಮುಚ್ಚಿಡಲು ಅದಕ್ಕೆ ಆಗುವುದಿಲ್ಲ.

ಮೊದಲನೆಯದು ಮೆಲುಕು. ಆರೋಗ್ಯವಂತ ಹಸು ದಿನಕ್ಕೆ ಸುಮಾರು 7ರಿಂದ 8 ತಾಸು ಮೆಲುಕು ಹಾಕುತ್ತದೆ. ಒಂದೊಂದು ತುತ್ತನ್ನು 50–60 ಸಲ ಅಗಿಯುತ್ತದೆ. ನೀವೇ ಎಣಿಸಿ ನೋಡಿ. ಎಣಿಕೆ ತೀರ ಇಳಿದರೆ, ಮೇವು ತಿಂದು ಮಲಗಿದ ಮೇಲೂ ದವಡೆ ಆಡದಿದ್ದರೆ, ಅನುಮಾನ ಪಡಬೇಕು.

ಎರಡನೆಯದು ಮೇವು. ಕರು ಹಾಕಿದ ಕೆಲವು ವಾರಗಳಲ್ಲಿ ಹಸು ಹಿಂಡಿಯನ್ನು ಬಿಟ್ಟು ಒಣಹುಲ್ಲನ್ನು ಮಾತ್ರ ತಿನ್ನುತ್ತಿದೆಯೇ? ಬಾಯಲ್ಲಿ ಸಿಹಿಯಾದ ವಾಸನೆಯೇ? ಅದು ಕೀಟೋಸಿಸ್ ಇರಬಹುದು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಸ್ವಾರಸ್ಯವಾಗಿದೆ. ಕರು ಹಾಕಿದ ಮೇಲೆ ಗರ್ಭಕೋಶದ ಸೋಂಕಿಗೆ ತೀವ್ರವಾಗಿ ತುತ್ತಾದ ಹಸುಗಳು, ಕರು ಹಾಕುವುದಕ್ಕೆ ಎರಡು ವಾರ ಮೊದಲಿನಿಂದಲೇ ಕಡಿಮೆ ತಿನ್ನುತ್ತಿದ್ದವಂತೆ. ಮೇವಿಗಾಗಿ ಬೇರೆ ಹಸುಗಳನ್ನು ನೂಕುವುದೂ ಕಡಿಮೆಯಾಗಿತ್ತಂತೆ. ಎಂದೂ ಮುನ್ನುಗ್ಗುವ ಹಸು ಇಂದು ಹಿಂದೆ ಸರಿದು ನಿಂತರೆ, ಸಾಧುವಾಯಿತೆಂದು ಸಂತೋಷಪಡಬೇಡಿ.

ಮೂರನೆಯದು ಮಲಗುವುದು, ಏಳುವುದು, ನಡೆಯುವುದು. ಹಸು ದಿನಕ್ಕೆ 10ರಿಂದ 12 ತಾಸು ಮಲಗುತ್ತದೆ. ಏಳುವಾಗ ಹಿಂಗಾಲನ್ನು ಮೊದಲು ಎತ್ತುತ್ತದೆ. ಬೆನ್ನು ಬಾಗಿಸಿ, ಮೊಣಕೈ ಹೊರಚಾಚಿ ನಿಂತು, ಇಳಿಜಾರಿನಲ್ಲಿ ನರಳಿದರೆ ಮೇವಿನ ಜೊತೆ ತಂತಿ, ಮೊಳೆ ಹೊಟ್ಟೆಗೆ ಹೋಗಿರಬಹುದು. ಕರೆಯುವಾಗ ಒದ್ದರೆ ಬೈಯುವ ಮೊದಲು ಕೆಚ್ಚಲು ಮುಟ್ಟಿ ನೋಡಿ. ಮೊದಲ ನಾಲ್ಕು ಧಾರೆಗಳನ್ನು ಕಪ್ಪು ತಟ್ಟೆಗೆ ಹಿಂಡಿದರೆ ಕೆಚ್ಚಲುಬಾವಿನ ಗರಣೆ ಕಾಣುತ್ತದೆ. ತುಟಿ ಚಪ್ಪರಿಸುತ್ತ ಜೊಲ್ಲು ಸುರಿಸಿದರೆ ಕಾಲುಬಾಯಿ ಜ್ವರದ ಶಂಕೆ. ಆ ಹಸುವನ್ನು ಕೂಡಲೇ ಬೇರೆ ಕಟ್ಟಿ.

ಹೊರದೇಶದ ದೊಡ್ಡ ಡೈರಿಗಳಲ್ಲಿ ಈ ಕೆಲಸಕ್ಕೆ ಹಸುವಿನ ಕೊರಳಿಗೋ ಕಾಲಿಗೋ ಯಂತ್ರ ಕಟ್ಟುತ್ತಾರೆ. ನಮ್ಮ ಬೆಂಗಳೂರಿನ ಸ್ಟೆಲ್ಯಾಪ್ಸ್ ಎಂಬ ಕಂಪನಿಯೂ ಕಾಲಿಗೆ ಕಟ್ಟುವಂಥದ್ದನ್ನು ತಂದಿದೆ. ಯಂತ್ರ ಮಾಡುವುದು ಇಷ್ಟೇ: ಈ ಹಸುವಿನ ಇಂದಿನ ಲೆಕ್ಕವನ್ನು ಇದೇ ಹಸುವಿನ ಹಿಂದಿನ ದಿನಗಳ ಲೆಕ್ಕದೊಂದಿಗೆ ಹೋಲಿಸುತ್ತದೆ. ಪಾಸ್‌ಬುಕ್ಕಿನಲ್ಲೂ ಹಾಗೆಯೇ ಅಲ್ಲವೇ? ಇಂದಿನ ಬಾಕಿಯೊಂದರಿಂದ ಏನೂ ತಿಳಿಯದು. ಹಿಂದಿನ ಪುಟಗಳನ್ನೂ ನೋಡಬೇಕು. ಪಕ್ಕದ ಮನೆಯ ಹಸು ಎಷ್ಟು ತಿನ್ನುತ್ತದೆ ಎಂಬುದು ನಿಮಗೆ ಬೇಡ.

ಎರಡು ಹಸುವಿಗೆ ಯಂತ್ರ ಬೇಕಿಲ್ಲ. ಕೊಟ್ಟಿಗೆಯ ಗೋಡೆಗೆ ಒಂದು ಕ್ಯಾಲೆಂಡರು ತೂಗುಹಾಕಿ. ಎರಡು ಹೊತ್ತಿನ ಹಾಲು ಎಷ್ಟು, ಹಿಂಡಿ ಮುಗಿಸಿತೋ ಇಲ್ಲವೋ, ರಾತ್ರಿ ಮಲಗುವ ಮುನ್ನ ನೋಡಿದಾಗ ಮೆಲುಕು ಹಾಕುತ್ತಿತ್ತೋ ಇಲ್ಲವೋ, ಈ ಮೂರನ್ನು ಬರೆಯಿರಿ. ದಿನಾ ಮೇವು ಹಾಕುವವರೇ ಬರೆಯಲಿ. ಹೆಚ್ಚಿನ ಮನೆಗಳಲ್ಲಿ ಆ ಕೆಲಸ ಹೆಣ್ಣುಮಕ್ಕಳದು. ಅವರ ಮಾತಿಗೆ ಬೆಲೆ ಕೊಡಿ.

ಬದಲಾವಣೆಯೆಲ್ಲ ಕಾಯಿಲೆಯಲ್ಲ. ಬೆದೆಗೆ ಬಂದ ಹಸುವೂ ಮೇವು, ಮೆಲುಕು ಕಡಿಮೆ ಮಾಡುತ್ತದೆ. ಆದರೆ ಅದು ಚಡಪಡಿಸುತ್ತದೆ, ಕೂಗುತ್ತದೆ. ಕಾಯಿಲೆಯ ಹಸು ಮಂಕಾಗುತ್ತದೆ. ಮೇ ತಿಂಗಳ ಸೆಕೆಯಲ್ಲಿ ಎಲ್ಲ ಹಸುಗಳೂ ಮೇವು ಬಿಟ್ಟರೆ ಹವೆಯನ್ನೂ ಮೇವನ್ನೂ ಶಂಕಿಸಿ. ಒಂದೇ ಬಿಟ್ಟರೆ ಆ ಹಸುವನ್ನು ಶಂಕಿಸಿ.

ಒಂದು ಲಕ್ಷಣ ಕಂಡರೆ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. 103 ದಾಟಿದರೆ ಡಾಕ್ಟರನ್ನು ಕರೆಯಿರಿ. ಜ್ವರವಿಲ್ಲದಿದ್ದರೂ ಎರಡು ಲಕ್ಷಣ ಕೂಡಿದರೆ ಕರೆಯಿರಿ. ಎಡಹೊಟ್ಟೆ ಉಬ್ಬಿದರಂತೂ ತಡಮಾಡಬೇಡಿ.

ಕರು ಹಾಕಿದ ಮೂರು ದಿನದೊಳಗೆ ಹಸು ಏಳಲಾರದೆ, ಕಿವಿ ತಣ್ಣಗಾಗಿ, ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿದರೆ ಅದು ಹಾಲುಜ್ವರ. ಹೆಸರು ಜ್ವರ, ಆದರೆ ಮೈ ತಣ್ಣಗಿರುತ್ತದೆ; ರಕ್ತದಲ್ಲಿ ಸುಣ್ಣದಂಶ ಕುಸಿದಿರುತ್ತದೆ. ಗೊಟ್ಟದಲ್ಲಿ ಕಷಾಯ ಹೊಯ್ಯಬೇಡಿ. ನುಂಗುವ ಶಕ್ತಿ ಇರುವುದಿಲ್ಲ, ಶ್ವಾಸಕೋಶಕ್ಕೆ ಇಳಿದೀತು. ಡಾಕ್ಟರು ನರಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟರೆ ಎಷ್ಟೋ ಹಸುಗಳು ಕೆಲವೇ ತಾಸಿನಲ್ಲಿ ಎದ್ದು ನಿಲ್ಲುತ್ತವೆ. ತಡವಾದರೆ ಅದೇ ದಿನ ಸಾಯಬಹುದು.

ಗಡಿಯಾಚೆ ಕರ್ನಾಟಕದಲ್ಲಿರುವವರು 1962 ಸಂಖ್ಯೆಗೆ ಫೋನು ಮಾಡಿ. ಗೋವೆಯಲ್ಲಿರುವವರು ಹತ್ತಿರದ ಸರಕಾರಿ ಪಶು ಆಸ್ಪತ್ರೆಯ ನಂಬರನ್ನು ಅದೇ ಕ್ಯಾಲೆಂಡರಿನ ಮೇಲೆ ಬರೆದಿಡಿ. ಡಾಕ್ಟರಿಗೆ ಕನ್ನಡ ಬಾರದಿದ್ದರೆ "ಕಾಲ್ಸಾವನ್ ಗಾಯ್ ಖಾಯ್ನಾ" ಎಂದರೆ ಸಾಕು, ನಿನ್ನೆಯಿಂದ ಹಸು ತಿನ್ನುತ್ತಿಲ್ಲವೆಂದು ತಿಳಿಯುತ್ತದೆ. ಎಂದಿನಿಂದ ಎಂಬುದನ್ನು ಮಾತ್ರ ಅಂದಾಜಿನಲ್ಲಿ ಹೇಳಬೇಡಿ, ಕ್ಯಾಲೆಂಡರು ನೋಡಿ ಹೇಳಿ. ಔಷಧಿ ಆರಿಸಲು ಡಾಕ್ಟರಿಗೆ ಬೇಕಾದದ್ದು ಅದೇ.