ಗಾಲಿಗಳ ಮೇಲಣ ಮನೆ

ಮನೆ ನಿಂತಲ್ಲಿ ನಿಲ್ಲಬೇಕು, ಗಾಡಿ ಓಡುತ್ತಿರಬೇಕು. ಈ ಎರಡು ಧರ್ಮಗಳನ್ನೂ ಒಂದೇ ವಸ್ತುವಿನಲ್ಲಿ ಕೂಡಿಸಲು ಹೊರಟರೆ ಏನಾಗುತ್ತದೆ? ಅಮೆರಿಕ, ಇಂಗ್ಲೆಂಡ್, ಜರ್ಮನಿ ಮೊದಲಾದ ದೇಶಗಳಲ್ಲಿ ‘ಮೋಟಾರು ಮನೆ’ಯನ್ನು ಕೊಂಡು ಬಾಳಿದವರ ಅನುಭವ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ವಾಚಕರಲ್ಲಿ ಹಲವರ ಮಕ್ಕಳು ಆ ದೇಶಗಳಲ್ಲಿ ನೆಲೆಸಿದ್ದಾರೆ. ಅವರನ್ನು ನೋಡಲು ಹೋದ ತಂದೆತಾಯಿಗಳು ಇಂಥ ವಾಹನವನ್ನು ಬಾಡಿಗೆಗೆ ಪಡೆದು ಊರೂರು ಸುತ್ತಿ ಬರುವುದೂ ಉಂಟು. ಆದುದರಿಂದ ಇದರ ಗುಣದೋಷಗಳನ್ನು ತಿಳಿದಿರುವುದು ಒಳ್ಳೆಯದು.

ಮೋಟಾರು ಮನೆಯೆಂದರೆ ಲಾರಿಯ ಅಥವಾ ವ್ಯಾನಿನ ಚೌಕಟ್ಟಿನ ಮೇಲೆ ಕಟ್ಟಿದ ವಾಸದ ಕೋಣೆ. ಅದರಲ್ಲಿ ಮಂಚ, ಒಲೆ, ನೀರಿನ ತೊಟ್ಟಿ, ಶೀತಲಪೆಟ್ಟಿಗೆ, ಶೌಚದ ಕೋಣೆ ಎಲ್ಲವೂ ಇರುತ್ತವೆ. ಅಮೆರಿಕದವರು ಇದನ್ನು ಮೂರು ವರ್ಗಗಳಾಗಿ ವಿಂಗಡಿಸಿದ್ದಾರೆ. ಬಸ್ಸಿನಷ್ಟು ದೊಡ್ಡದು ‘ಎ’ ವರ್ಗ. ವ್ಯಾನಿನ ಒಡಲೊಳಗೇ ಅಡಕ ಮಾಡಿದ್ದು ‘ಬಿ’ ವರ್ಗ. ವ್ಯಾನಿನ ಮುಂಭಾಗವನ್ನು ಹಾಗೆಯೇ ಉಳಿಸಿಕೊಂಡು ಹಿಂದೆ ಅಗಲವಾದ ಕೋಣೆಯನ್ನು ಕಟ್ಟಿದ್ದು ‘ಸಿ’ ವರ್ಗ. ಜರ್ಮನಿಯಲ್ಲಿ ವೆಸ್ಟ್‌ಫಾಲಿಯಾ ಎಂಬ ಸಂಸ್ಥೆ ೧೯೫೧ರಿಂದ ಫೋಕ್ಸ್‌ವಾಗನ್ ವ್ಯಾನುಗಳಲ್ಲಿ ಮಲಗುವ, ಅಡಿಗೆ ಮಾಡುವ ಅನುಕೂಲಗಳನ್ನು ಕೂಡಿಸತೊಡಗಿತು. ಅಮೆರಿಕದ ಅಯೋವಾ ರಾಜ್ಯದ ಫಾರೆಸ್ಟ್ ಸಿಟಿಯಲ್ಲಿ ವಿನ್ನೆಬೇಗೊ ಸಂಸ್ಥೆ ೧೯೬೬ರಲ್ಲಿ ಮೋಟಾರು ಮನೆಗಳ ತಯಾರಿಕೆಗೆ ತೊಡಗಿತು. ಅದರ ಹೆಸರು ಎಷ್ಟು ಬಳಕೆಗೆ ಬಂತೆಂದರೆ, ಯಾರು ತಯಾರಿಸಿದ ವಾಹನವಾದರೂ ಜನ ಅದನ್ನು ‘ವಿನ್ನೆಬೇಗೊ’ ಎಂದೇ ಕರೆಯುವುದು ರೂಢಿಯಾಯಿತು. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಎಂಬ ಊರೂ ಅದರ ಸುತ್ತಣ ಪ್ರದೇಶವೂ ಇಂದು ಈ ಉದ್ಯಮದ ರಾಜಧಾನಿ.

ಇದು ಶ್ರೀಮಂತರ ಆಟಿಕೆಯೆಂದು ತಿಳಿಯಬೇಡಿ. ಕೆಲಸದಿಂದ ನಿವೃತ್ತರಾದ ಎಷ್ಟೋ ದಂಪತಿಗಳು ಇದ್ದ ಮನೆಯನ್ನು ಮಾರಿ, ಬಂದ ಹಣದಿಂದ ಇಂಥದೊಂದನ್ನು ಕೊಂಡು ಅದರಲ್ಲಿಯೇ ವಾಸಿಸುತ್ತಾರೆ. ೨೦೦೮ರ ಆರ್ಥಿಕ ಕುಸಿತದಲ್ಲಿ ಮನೆ ಕಳೆದುಕೊಂಡ ಕೆಲವರಿಗೆ ಹಳೆಯ ವ್ಯಾನೇ ಗತಿಯಾಯಿತು. ಇಂಥವರ ಪಾಲಿಗೆ ಮಾಡು ಸೋರಿದರೆ ಮನೆಯೇ ಸೋರಿದಂತೆ. ವಾಹನ ಕಾರ್ಖಾನೆ ಸೇರಿದರೆ ಅಂದಿನ ರಾತ್ರಿ ಎಲ್ಲಿ ಮಲಗುವುದೆಂಬ ಚಿಂತೆ.

ಹಾಗಾದರೆ ಒಡೆಯರು ಹೇಳಿಕೊಳ್ಳುವ ಮೊದಲ ದೂರು ಯಾವುದು? ಎಂಜಿನ್ನಿನದು ಎಂದು ನೀವು ಊಹಿಸಬಹುದು. ಅಲ್ಲ, ನೀರಿನದು.

ಇದರ ಕಾರಣವನ್ನು ತಿಳಿಯಬೇಕಾದರೆ ಗೋಡೆಯ ರಚನೆಯನ್ನು ನೋಡಬೇಕು. ವಾಹನದ ಭಾರ ಕಡಿಮೆಯಿರಬೇಕಾದ್ದರಿಂದ ಗೋಡೆಯನ್ನು ಪದರ ಪದರವಾಗಿ ಕಟ್ಟುತ್ತಾರೆ. ಹೊರಗೆ ಅಲ್ಯೂಮಿನಿಯಂ ಅಥವಾ ಫೈಬರ್ ಗ್ಲಾಸಿನ ತೆಳುವಾದ ಹಾಳೆ, ನಡುವೆ ಬೆಂಡಿನಂಥ ಹಗುರವಾದ ಹಲಗೆ, ಒಳಗೆ ತೆಳುವಾದ ಪ್ಲೈವುಡ್. ಅಲ್ಲಲ್ಲಿ ಮರದ ಪಟ್ಟಿಗಳ ಆಧಾರ. ಇವೆಲ್ಲವನ್ನೂ ಅಂಟಿನಿಂದ ಬೆಸೆದಿರುತ್ತಾರೆ. ಹಾಳೆಗಳಲ್ಲಿ ನೀರು ಇಳಿಯದು. ಅದು ಇಳಿಯುವುದು ಸಂದುಗಳಲ್ಲಿ. ಮಾಡು ಗೋಡೆಯನ್ನು ಸೇರುವಲ್ಲಿ, ಕಿಟಕಿಯ ಸುತ್ತ, ಗಾಳಿಕಿಂಡಿಯ ಅಂಚಿನಲ್ಲಿ, ದೀಪವನ್ನು ಕೂರಿಸಲು ಕೊರೆದ ತೂತಿನಲ್ಲಿ ಮೆತ್ತಿದ ಅಂಟು ಬಿಸಿಲಿಗೆ ಒಣಗಿ ಬಿರುಕು ಬಿಡುತ್ತದೆ. ಆ ಬಿರುಕಿನಿಂದ ಹನಿಹನಿಯಾಗಿ ಇಳಿದ ನೀರು ಒಳಗಿನ ಮರದಲ್ಲಿ ಉಳಿಯುತ್ತದೆ. ಆಚೆಗೂ ಈಚೆಗೂ ಹಾಳೆ ಮುಚ್ಚಿರುವುದರಿಂದ ಅದಕ್ಕೆ ಆರುವ ದಾರಿಯಿಲ್ಲ. ಮರ ಕೊಳೆಯುತ್ತದೆ, ಅಂಟು ಬಿಡುತ್ತದೆ, ಹೊರಗಿನ ಹಾಳೆ ಗುಳ್ಳೆಯಂತೆ ಉಬ್ಬುತ್ತದೆ. ಮನೆಯವರ ಕಣ್ಣಿಗೆ ಕಲೆ ಬೀಳುವ ವೇಳೆಗೆ ಒಳಗೆ ಬಹುಭಾಗ ಹಾಳಾಗಿರುತ್ತದೆ. ‘ಮೇಲೆ ಥಳಕು, ಒಳಗೆ ಹುಳುಕು’ ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ನಿಜ.

ಮಳೆ ಹೆಚ್ಚಾದ ಇಂಗ್ಲೆಂಡಿನಲ್ಲಿ ಇದಕ್ಕೊಂದು ಕ್ರಮವನ್ನು ಮಾಡಿಕೊಂಡಿದ್ದಾರೆ. ವರ್ಷಕ್ಕೊಮ್ಮೆ ವಾಸದ ಭಾಗವನ್ನು ತಜ್ಞರಿಂದ ಪರೀಕ್ಷೆ ಮಾಡಿಸುತ್ತಾರೆ. ಎರಡು ಮುಳ್ಳುಗಳುಳ್ಳ ಪುಟ್ಟ ವಿದ್ಯುತ್ ಮಾಪಕವನ್ನು ಗೋಡೆಗೆ ಒತ್ತಿದರೆ ಅದು ತೇವದ ಪ್ರಮಾಣವನ್ನು ತೋರಿಸುತ್ತದೆ. ಶೇಕಡಾ ೧೫ರೊಳಗಿದ್ದರೆ ಸಾಮಾನ್ಯ. ೧೫ರಿಂದ ೨೦ ಇದ್ದರೆ ಗಮನವಿಡಬೇಕು. ೨೦ನ್ನು ದಾಟಿದರೆ ನೀರು ಎಲ್ಲಿಂದ ಬರುತ್ತಿದೆಯೆಂದು ಹುಡುಕಲೇಬೇಕು. ಹಳೆಯ ವಾಹನವನ್ನು ಕೊಳ್ಳುವ ಅನುಭವಸ್ಥರು ಎಂಜಿನ್ನಿನ ಸದ್ದು ಕೇಳುವುದಕ್ಕೂ ಮೊದಲು ಈ ಮಾಪಕವನ್ನು ಕೇಳುತ್ತಾರೆ. ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ಹಾಗೆ, ಅಲ್ಲಿನ ಜಾಣ ಒಡೆಯ ವರ್ಷಕ್ಕೆರಡು ಬಾರಿ ಏಣಿ ಹಾಕಿ ಮಾಡಿನ ಸಂದುಗಳನ್ನೆಲ್ಲ ನೋಡಿ, ಬಿರುಕಿದ್ದಲ್ಲಿ ಹೊಸ ಅಂಟನ್ನು ಮೆತ್ತುತ್ತಾನೆ. ಸ್ವಲ್ಪ ಹಣದ ಈ ಕೆಲಸವನ್ನು ಮರೆತವನು ಮುಂದೆ ಇಡೀ ಗೋಡೆಯನ್ನೇ ಕೀಳಿಸಬೇಕಾಗುತ್ತದೆ.

ಎರಡನೆಯ ದೂರು ಕಟ್ಟಡದ ಕೆಲಸದ್ದು. ನಿಂತ ಮನೆಗೆ ಭೂಕಂಪ ಎಂದೋ ಒಮ್ಮೆ ಬರಬಹುದು. ಓಡುವ ಮನೆಗೆ ಪ್ರಯಾಣವಿದ್ದ ದಿನವೆಲ್ಲ ಭೂಕಂಪವೇ. ಬೀರುವಿನ ಬಾಗಿಲುಗಳು ತಾವಾಗಿ ತೆರೆದುಕೊಳ್ಳುತ್ತವೆ. ತೆಳುವಾದ ಹಲಗೆಗೆ ಹೊಡೆದ ತಿರುಪುಮೊಳೆಗಳು ಸಡಿಲವಾಗುತ್ತವೆ. ನೀರಿನ ಕೊಳವೆಯ ಕೀಲುಗಳು ಜಿನುಗುತ್ತವೆ. ಹೊಸ ವಾಹನ ಕೊಂಡವರು ಮೊದಲ ವರ್ಷದಲ್ಲಿ ಇಂಥ ಸಣ್ಣ ಕೊರತೆಗಳ ಉದ್ದನೆಯ ಪಟ್ಟಿಯನ್ನು ಹಿಡಿದು ಮಾರಾಟಗಾರನಲ್ಲಿಗೆ ಹೋಗುವುದು ಸರ್ವೇಸಾಮಾನ್ಯ. ಕಾರುಗಳ ತಯಾರಿಕೆಯಲ್ಲಿ ಯಂತ್ರಗಳು ಮಾಡುವ ಎಷ್ಟೋ ಕೆಲಸ ಇಲ್ಲಿ ಕೈಯಿಂದ ನಡೆಯುತ್ತದೆ. ಕೈಕೆಲಸದಲ್ಲಿ ನಿಧಾನವಿದ್ದರೆ ಅಂದ, ಅವಸರವಿದ್ದರೆ ಅಪಾಯ. ಕೋವಿಡ್ ಕಾಲದಲ್ಲಿ ವಿಮಾನ, ಹೋಟೆಲುಗಳಿಗೆ ಅಂಜಿದ ಜನರು ಇವುಗಳಿಗೆ ಮುಗಿಬಿದ್ದರು. ೨೦೨೧ರಲ್ಲಿ ಅಮೆರಿಕದ ಕಾರ್ಖಾನೆಗಳಿಂದ, ಕಾರಿನ ಹಿಂದೆ ಎಳೆಯುವ ಬಂಡಿಮನೆಗಳನ್ನೂ ಸೇರಿಸಿ, ೬ ಲಕ್ಷಕ್ಕೂ ಮಿಕ್ಕಿ ವಾಹನಗಳು ಹೊರಬಿದ್ದವು. ಅದಕ್ಕೆ ಮುಂಚೆ ಅಷ್ಟು ಸಂಖ್ಯೆ ಎಂದೂ ಆಗಿರಲಿಲ್ಲ. ಆ ಅವಸರದ ಗುರುತು ಕೆಲಸದಲ್ಲಿ ಕಾಣುತ್ತದೆಂದು ಕೊಂಡವರು ಅನೇಕರು ಗೊಣಗಿದರು.

ಈ ಅನುಭವದಿಂದ ಹುಟ್ಟಿದ ಒಂದು ಬುದ್ಧಿಮಾತು ಉಂಟು. ಹೊಸ ವಾಹನದ ಮೊದಲ ಯಾತ್ರೆಯನ್ನು ದೂರಕ್ಕೆ ಮಾಡಬಾರದು. ಮನೆಯ ಬಳಿಯಲ್ಲೋ ಮಾರಾಟಗಾರನ ಊರಿನಲ್ಲೋ ಎರಡು ರಾತ್ರಿ ತಂಗಿ, ಪ್ರತಿಯೊಂದು ನಲ್ಲಿಯನ್ನೂ ದೀಪವನ್ನೂ ಒಲೆಯನ್ನೂ ಬಳಸಿ ನೋಡಿ, ಕೊರತೆಗಳನ್ನು ಬರೆದುಕೊಂಡು, ಅವು ಸರಿಯಾದ ಮೇಲೆ ಹೊರಡಬೇಕು.

ಇನ್ನು ಎಂಜಿನ್ನಿನ ಮಾತು. ಮೋಟಾರು ಮನೆಯ ಚಾಸಿಯನ್ನೂ ಎಂಜಿನ್ನನ್ನೂ ಸಾಮಾನ್ಯವಾಗಿ ಫೋರ್ಡ್, ಫಿಯಟ್, ಮರ್ಸಿಡಿಸ್ ಮೊದಲಾದ ದೊಡ್ಡ ಸಂಸ್ಥೆಗಳು ಒದಗಿಸುತ್ತವೆ. ಸರಕು ಹೊತ್ತು ದಿನವೂ ದುಡಿಯುವುದಕ್ಕಾಗಿ ಅವು ಹುಟ್ಟಿದವು. ಮೋಟಾರು ಮನೆಯಲ್ಲಾದರೋ ವರ್ಷದಲ್ಲಿ ಹಲವು ತಿಂಗಳು ಸುಮ್ಮನೆ ನಿಂತಿರುತ್ತವೆ. ದುಡಿಮೆಗಿಂತ ಈ ನಿಷ್ಕ್ರಿಯತೆಯೇ ಅವಕ್ಕೆ ಹೆಚ್ಚು ಕೇಡು. ಬ್ಯಾಟರಿಯ ಶಕ್ತಿ ಇಳಿಯುತ್ತದೆ; ಬ್ರೇಕಿನ ತಟ್ಟೆಗಳಿಗೆ ತುಕ್ಕು ಹಿಡಿಯುತ್ತದೆ; ಪೆಟ್ರೋಲು ಹಳಸುತ್ತದೆ; ಇಲಿ ತಂತಿಗಳನ್ನು ಕಡಿಯುತ್ತದೆ. ಟೈರುಗಳ ವಿಷಯವಂತೂ ಮೋಸದ್ದು. ಅವು ಸವೆಯುವುದಕ್ಕೆ ಮೊದಲೇ ಮುಪ್ಪಾಗುತ್ತವೆ. ಮೇಲಣ ಪಟ್ಟೆಗಳು ಹೊಸದರಂತೆ ಕಂಡರೂ ಪಕ್ಕದ ರಬ್ಬರು ಬಿರುಕು ಬಿಟ್ಟಿರುತ್ತದೆ. ತುಂಬಿದ ಭಾರದೊಡನೆ ಹೆದ್ದಾರಿಯಲ್ಲಿ ಅದು ಸಿಡಿದರೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ಅನುಭವಸ್ಥರು ಐದಾರು ವರ್ಷ ಕಳೆದ ಟೈರುಗಳನ್ನು ಸವೆತ ನೋಡದೆ ಬದಲಿಸುತ್ತಾರೆ. ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳು ಅದರ ಜಾತಕ. ‘೨೩೧೯’ ಎಂದಿದ್ದರೆ ೨೦೧೯ನೆಯ ಇಸವಿಯ ೨೩ನೆಯ ವಾರದಲ್ಲಿ ಹುಟ್ಟಿದ್ದೆಂದು ಅರ್ಥ. ನಿಮ್ಮ ಮನೆಯ ಕಾರಿನ ಟೈರಿನಲ್ಲಿಯೂ ಇದನ್ನು ನೋಡಬಹುದು.

ಮನೆಯೊಳಗಿನ ಉಪಕರಣಗಳಿಗೂ ಅವುಗಳದೇ ಸ್ವಭಾವವಿದೆ. ಅನಿಲದಿಂದ ನಡೆಯುವ ಶೀತಲಪೆಟ್ಟಿಗೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ೧೯೨೨ರಲ್ಲಿ ಸ್ವೀಡನ್ನಿನ ವಾನ್ ಪ್ಲಾಟೆನ್ ಮತ್ತು ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಕಂಡುಹಿಡಿದ ವಿಧಾನ ಇದು. ಸಣ್ಣ ಉರಿಯ ಕಾವಿನಿಂದ ಅಮೋನಿಯಾ ಮತ್ತು ನೀರಿನ ದ್ರಾವಣ ಕೊಳವೆಗಳಲ್ಲಿ ಸುತ್ತಿ ತಂಪನ್ನು ಉಂಟುಮಾಡುತ್ತದೆ. ಇದರಲ್ಲಿ ದ್ರವ ತನ್ನ ಭಾರದಿಂದಲೇ ಕೆಳಗಿಳಿಯಬೇಕು. ವಾಹನ ಇಳಿಜಾರಿನಲ್ಲಿ ಓರೆಯಾಗಿ ನಿಂತರೆ ದ್ರವದ ದಾರಿ ತಪ್ಪಿ ತಂಪು ನಿಲ್ಲುತ್ತದೆ. ಹಾಗೆಯೇ ಬಹಳ ಹೊತ್ತು ಉರಿಸಿದರೆ ಒಳಕೊಳವೆಯೇ ಕೆಡುತ್ತದೆ. ‘ಪೆಟ್ಟಿಗೆ ಕೆಟ್ಟಿತು’ ಎಂದು ಬರುವ ಕೆಲವು ದೂರುಗಳಿಗೆ ಮದ್ದು, ಗಾಲಿಯ ಕೆಳಗೆ ಒಂದು ಹಲಗೆಯನ್ನಿಟ್ಟು ವಾಹನವನ್ನು ಸಮ ಮಾಡುವುದು. ಹಾಗೆಯೇ ಚಳಿಗಾಲದಲ್ಲಿ ‘ಸಿಲಿಂಡರು ತುಂಬಿದೆ, ಒಲೆ ಉರಿಯದು’ ಎಂಬ ದೂರು. ಬ್ಯೂಟೇನ್ ಅನಿಲ ಸೊನ್ನೆ ಡಿಗ್ರಿ ಸೆಲ್ಸಿಯಸ್ ಹತ್ತಿರದಲ್ಲಿ ಆವಿಯಾಗುವುದನ್ನು ನಿಲ್ಲಿಸುತ್ತದೆ. ಪ್ರೋಪೇನ್ ಸೊನ್ನೆಗಿಂತ ೪೨ ಡಿಗ್ರಿ ಕೆಳಗಿನವರೆಗೂ ಆವಿಯಾಗುತ್ತದೆ. ಹಿಮ ಬೀಳುವ ಪ್ರದೇಶಕ್ಕೆ ಹೋಗುವವನು ಪ್ರೋಪೇನನ್ನು ಒಯ್ದರೆ ಸಾಕು.

ಆದರೆ ಒಂದು ದೋಷದಲ್ಲಿ ಮಾತ್ರ ಉದಾಸೀನ ಸಲ್ಲದು. ಮುಚ್ಚಿದ ಚಿಕ್ಕ ಕೋಣೆಯಲ್ಲಿ ಒಲೆಯೋ ಬಿಸಿಗಾಳಿಯ ಯಂತ್ರವೋ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರಿಸುವವರು ಮತ್ತೆ ಏಳದಂತೆ ಮಾಡಬಲ್ಲುದು. ಎಚ್ಚರಿಕೆಯ ಗಂಟೆಯ ಪೆಟ್ಟಿಗೆ ಕೆಲಸ ಮಾಡುತ್ತಿದೆಯೇ ಎಂದು ನೋಡದೆ ಇಂಥ ವಾಹನದಲ್ಲಿ ಮಲಗಬಾರದು. ಗಾಳಿಕಿಂಡಿಗಳನ್ನು ಚಳಿಗೆ ಹೆದರಿ ಮುಚ್ಚಲೂಬಾರದು.

ಕೆಟ್ಟುದನ್ನು ಸರಿಪಡಿಸುವವರು ಯಾರು? ಒಡೆಯರ ದೊಡ್ಡ ಸಂಕಟ ಇಲ್ಲಿದೆ. ಚಾಸಿಯ ಹೊಣೆ ಒಬ್ಬರದು, ಕೋಣೆಯ ಹೊಣೆ ಇನ್ನೊಬ್ಬರದು, ಒಲೆ ಮತ್ತು ಪೆಟ್ಟಿಗೆಗಳ ಹೊಣೆ ಮತ್ತೊಬ್ಬರದು. ಒಂದೇ ವಾಹನಕ್ಕೆ ಮೂರು ನಾಲ್ಕು ಖಾತರಿ ಪತ್ರಗಳು. ವಿದ್ಯುತ್ ದೋಷವೊಂದು ಚಾಸಿಯ ತಂತಿಯದೋ ಕೋಣೆಯ ತಂತಿಯದೋ ಎಂಬ ವಾದದಲ್ಲಿ ವಾರಗಳು ಕಳೆಯುತ್ತವೆ. ಕಾರು ರಿಪೇರಿಯ ಅಂಗಡಿಗಳಲ್ಲಿ ಇಷ್ಟು ಎತ್ತರದ ವಾಹನಕ್ಕೆ ಜಾಗವಿಲ್ಲ. ಇದಕ್ಕೆಂದೇ ಇರುವ ಕಾರ್ಖಾನೆಗಳಲ್ಲಿ ಬೇಸಗೆ ಬಂತೆಂದರೆ ಸರದಿಯ ಸಾಲು. ಅಮೆರಿಕದಲ್ಲಿ ಪದೇ ಪದೇ ಕೆಡುವ ಹೊಸ ಕಾರನ್ನು ಹಿಂದಿರುಗಿಸಲು ರಾಜ್ಯ ಕಾನೂನುಗಳಿವೆ. ಆದರೆ ಹಲವು ರಾಜ್ಯಗಳಲ್ಲಿ ಅವು ಮೋಟಾರು ಮನೆಯ ಓಡುವ ಭಾಗಕ್ಕಷ್ಟೇ ಅನ್ವಯಿಸುತ್ತವೆ, ವಾಸದ ಭಾಗಕ್ಕೆ ಇಲ್ಲ. ಇಂಗ್ಲೆಂಡಿನಲ್ಲಿ ೨೦೧೫ರ ಬಳಕೆದಾರರ ಹಕ್ಕುಗಳ ಕಾನೂನಿನಂತೆ ದೋಷವಿರುವ ವಸ್ತುವನ್ನು ೩೦ ದಿನಗಳೊಳಗೆ ತಿರಸ್ಕರಿಸಬಹುದು. ಆಮೇಲೆ ಒಮ್ಮೆ ರಿಪೇರಿ ಮಾಡಲು ಮಾರಾಟಗಾರನಿಗೆ ಅವಕಾಶ ಕೊಟ್ಟು, ಅದು ವಿಫಲವಾದರೆ ಮತ್ತೆ ಆ ಹಕ್ಕು ಬರುತ್ತದೆ. ದಿನಾಂಕ ಸಹಿತ ಬರೆದಿಟ್ಟ ದೂರು, ಛಾಯಾಚಿತ್ರ, ರಸೀತಿ ಇವು ಇದ್ದವನಿಗೆ ಎಲ್ಲಿಯಾದರೂ ಮಾತಿಗೆ ಬಲ ಬರುತ್ತದೆ.

ಹಾಗೆಂದು ಎಲ್ಲವೂ ನಿರಾಶೆಯಲ್ಲ. ಜನರಲ್ ಮೋಟಾರ್ಸಿನವರು ೧೯೭೩ರಿಂದ ೧೯೭೮ರವರೆಗೆ ಜಿ.ಎಂ.ಸಿ. ಎಂಬ ಹೆಸರಿನ ಮೋಟಾರು ಮನೆಯನ್ನು ತಯಾರಿಸಿದರು. ಚಾಸಿ, ಕೋಣೆ ಎರಡೂ ಒಂದೇ ಸಂಸ್ಥೆಯ ಯೋಜನೆ, ಇದು ಅಪರೂಪ. ಮುಂದಿನ ಗಾಲಿಗಳೇ ವಾಹನವನ್ನು ಎಳೆಯುತ್ತಿದ್ದುದರಿಂದ ನೆಲದ ಕೆಳಗೆ ಉದ್ದನೆಯ ದಂಡ ಬೇಕಾಗಲಿಲ್ಲ. ನೆಲವನ್ನು ತಗ್ಗಿಸಲು ಸಾಧ್ಯವಾಯಿತು. ಹಿಂದೆ ನಾಲ್ಕು ಗಾಲಿಗಳಿಗೆ ಗಾಳಿ ತುಂಬಿದ ಚೀಲಗಳ ಆಧಾರ. ಗೋಡೆಗಳು ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ ಅಲ್ಯೂಮಿನಿಯಂ ಮತ್ತು ಫೈಬರ್ ಗ್ಲಾಸಿನವು. ಕೊಳೆಯಲು ಅಲ್ಲಿ ಮರದ ಪಟ್ಟಿಗಳಿರಲಿಲ್ಲ. ತಯಾರಾದದ್ದು ೧೩,೦೦೦ಕ್ಕಿಂತ ಸ್ವಲ್ಪ ಕಡಿಮೆ. ನಿಂತುಹೋಗಿ ನಾಲ್ಕು ದಶಕಗಳು ಮೀರಿದರೂ ಅವುಗಳಲ್ಲಿ ಎಷ್ಟೋ ಇಂದಿಗೂ ರಸ್ತೆಯ ಮೇಲಿವೆ. ಅವುಗಳಿಗೆ ದೋಷವಿಲ್ಲವೆಂದಲ್ಲ. ಬಿಸಿಲಿನಲ್ಲಿ ಕೊಳವೆಯೊಳಗೆ ಪೆಟ್ರೋಲು ಆವಿಯಾಗಿ ಎಂಜಿನ್ ನಿಲ್ಲುತ್ತದೆ, ಗಾಳಿಚೀಲ ಸೋರುತ್ತದೆ, ಹಳೆಯ ರಬ್ಬರು ಕೊಳವೆಗಳು ಬಿರಿದರೆ ಬೆಂಕಿಯ ಭಯವೂ ಉಂಟು. ಆದರೆ ಒಡೆಯರು ಸಂಘಗಳನ್ನು ಕಟ್ಟಿಕೊಂಡರು. ಒಬ್ಬನು ಕಲಿತ ರಿಪೇರಿಯನ್ನು ಹತ್ತು ಮಂದಿಗೆ ಬರೆದು ತಿಳಿಸಿದನು. ಸಿಕ್ಕದ ಬಿಡಿಭಾಗಗಳನ್ನು ಹೊಸದಾಗಿ ಮಾಡಿಸಿದರು. ತಯಾರಿಸಿದವರು ಕೈಬಿಟ್ಟ ವಾಹನವನ್ನು ಬಳಸುವವರು ಉಳಿಸಿಕೊಂಡರು.

ನಮ್ಮ ನೆರೆಯ ಕೇರಳ ೨೦೨೧ರಲ್ಲಿ ಇಂಥ ವಾಹನಗಳ ಪ್ರವಾಸಕ್ಕೆ ಉತ್ತೇಜನ ಕೊಡುವ ನೀತಿಯನ್ನು ಪ್ರಕಟಿಸಿತು. ಕರಾವಳಿಯ ಮಳೆಯನ್ನು ಬಲ್ಲವರಿಗೆ ಸಂದುಗಳ ಮಾತನ್ನು ಮತ್ತೆ ಹೇಳಬೇಕಾಗಿಲ್ಲ. ನೀವು ಇಂಥದನ್ನು ಬಾಡಿಗೆಗೆ ಪಡೆದರೂ, ಮಕ್ಕಳು ಕೊಳ್ಳುವುದಾಗಿ ಹೇಳಿದರೂ, ಬಣ್ಣಕ್ಕೂ ಹಾಸಿಗೆಗೂ ಮರುಳಾಗುವ ಮುನ್ನ ಐದು ಸಂಗತಿಗಳನ್ನು ವಿಚಾರಿಸಿ: ಗೋಡೆಯ ಮೂಲೆಗಳಲ್ಲಿ ತೇವವಿದೆಯೇ? ಟೈರು ಯಾವ ವರ್ಷದ್ದು? ಎಚ್ಚರಿಕೆಯ ಗಂಟೆ ಸದ್ದು ಮಾಡುತ್ತದೆಯೇ? ಯಾವ ಭಾಗಕ್ಕೆ ಯಾರು ಹೊಣೆ? ಹತ್ತಿರದ ರಿಪೇರಿ ಅಂಗಡಿ ಎಷ್ಟು ದೂರ? ‘ಮನೆ ಕಟ್ಟಿ ನೋಡು’ ಎಂದರು ಹಿರಿಯರು. ಕಟ್ಟಿದ ಮನೆಯನ್ನು ಓಡಿಸುವವನು ಅದನ್ನು ಒಮ್ಮೆ ನೋಡಿದರೆ ಸಾಲದು. ಪ್ರತಿ ಮಳೆಗೆ ಮುಂಚೆಯೂ, ಪ್ರತಿ ಪಯಣದ ನಂತರವೂ ನೋಡುತ್ತಿರಬೇಕು.