ಉಸಿರಿನ ಚಿಕಿತ್ಸೆ

ಹೊಟ್ಟೆಯ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿದೊಡನೆ ಅಪಾಯ ಕಳೆಯಿತೆಂದು ರೋಗಿಯ ಮನೆಯವರು ಭಾವಿಸುವುದು ಸಹಜ. ಆದರೆ ವೈದ್ಯರು ಆಗ ಎದೆಯ ಕಡೆಗೂ ಗಮನವೀಯುತ್ತಾರೆ. ಗಾಯವಾದದ್ದು ಉದರದಲ್ಲಿ, ತೊಂದರೆ ತಲೆದೋರುವುದು ಎಷ್ಟೋ ವೇಳೆ ಶ್ವಾಸಕೋಶದಲ್ಲಿ. ಇದಕ್ಕೆ ಕಾರಣವೇನು?

ಎದೆಗೂ ಹೊಟ್ಟೆಗೂ ನಡುವೆ ವಪೆಯೆಂಬ ಗುಮ್ಮಟದಾಕಾರದ ಸ್ನಾಯುವಿದೆ. ಅದು ಕೆಳಗಿಳಿದಾಗ ಶ್ವಾಸಕೋಶಗಳು ಹಿಗ್ಗಿ ಗಾಳಿಯನ್ನು ತುಂಬಿಕೊಳ್ಳುತ್ತವೆ. ಅರಿವಳಿಕೆಯಿಂದಲೂ ಗಾಯದ ನೋವಿನಿಂದಲೂ ವಪೆಯ ಚಲನೆ ಕುಗ್ಗುತ್ತದೆ. ಉಸಿರು ಆಳಕ್ಕೆ ಇಳಿಯದು. ಆಗ ಶ್ವಾಸಕೋಶದ ತಳಭಾಗದ ವಾಯುಕೋಶಗಳು ಮುದುಡುತ್ತವೆ. ಹೊರಬಾರದೆ ಉಳಿದ ಕಫವು ರೋಗಾಣುಗಳಿಗೆ ಆಶ್ರಯವಾಗಿ ನ್ಯುಮೋನಿಯಕ್ಕೆ ದಾರಿಯಾಗುತ್ತದೆ. ಉದರ ಶಸ್ತ್ರಚಿಕಿತ್ಸೆಯ ಅನಂತರ ಶ್ವಾಸಕೋಶ ಹೀಗೆ ಕುಸಿಯುವುದನ್ನು ಲಂಡನ್ನಿನ ವೈದ್ಯ ವಿಲಿಯಂ ಪಾಶ್ಚರ್ 1910ರಲ್ಲಿಯೇ ವಿವರಿಸಿದ್ದರು.

ಇದನ್ನು ತಡೆಯುವ ಸಾಧನ ರೋಗಿಯಲ್ಲಿಯೇ ಇದೆ. ಅದು ಅವರ ಉಸಿರು. ಒರಗಿ ಕುಳಿತು, ಮೂಗಿನಿಂದ ನಿಧಾನವಾಗಿ, ಹೊಟ್ಟೆ ಉಬ್ಬುವಂತೆ ಉಸಿರೆಳೆಯಬೇಕು. ಎರಡು ಮೂರು ಸೆಕೆಂಡು ಹಿಡಿದು ಮೆಲ್ಲನೆ ಬಿಡಬೇಕು. ಎಚ್ಚರವಿರುವಾಗ ಗಂಟೆಗೊಮ್ಮೆ ಸುಮಾರು ಹತ್ತು ಸಲ ಹೀಗೆ ಮಾಡುವುದು ವಾಡಿಕೆ. ತಲೆ ತಿರುಗಿದರೆ ನಿಲ್ಲಿಸಿ ವಿಶ್ರಮಿಸಬೇಕು. ‘ಕೆಮ್ಮಿದರೆ ಹೊಲಿಗೆ ಬಿಚ್ಚೀತು’ ಎಂದು ಹಿರಿಯರು ಅಂಜುವುದುಂಟು. ದಿಂಬೊಂದನ್ನು ಗಾಯದ ಮೇಲೆ ಒತ್ತಿಹಿಡಿದು ಕೆಮ್ಮಿದರೆ ನೋವು ಕಡಿಮೆಯಾಗುತ್ತದೆ, ಕಫವೂ ಹೊರಬರುತ್ತದೆ. ವೈದ್ಯರು ಒಪ್ಪಿದೊಡನೆ ಎದ್ದು ನಾಲ್ಕು ಹೆಜ್ಜೆ ನಡೆಯುವುದೂ ಚಿಕಿತ್ಸೆಯೇ ಸರಿ.

ಬೆಂಗಳೂರಿನ ಉತ್ತರ ಭಾಗದಲ್ಲಿ, ಹೆಬ್ಬಾಳದಲ್ಲಿ 1973ರಲ್ಲಿ ಆರಂಭವಾದ ಬ್ಯಾಪ್ಟಿಸ್ಟ್ ಆಸ್ಪತ್ರೆಯಲ್ಲದೆ, ಯಶವಂತಪುರ, ಯಲಹಂಕಗಳ ಸುತ್ತಲೂ ಇಂದು ಅನೇಕ ಆಸ್ಪತ್ರೆಗಳಿವೆ. ಇಂದಿನ ಆಸ್ಪತ್ರೆಗಳಲ್ಲಿ ಮೂರು ಚೆಂಡುಗಳುಳ್ಳ ಪ್ಲಾಸ್ಟಿಕ್ ಉಪಕರಣವೊಂದು ರೋಗಿಯ ಕೈಯಲ್ಲಿರುವುದುಂಟು. ಕೆಲವರು ಅದನ್ನು ಊದಲು ಹೊರಡುತ್ತಾರೆ. ಅದು ಊದುವುದಕ್ಕಲ್ಲ, ನಳಿಕೆಯ ಮೂಲಕ ಉಸಿರನ್ನು ಒಳಗೆಳೆದಾಗ ಚೆಂಡುಗಳು ಮೇಲೇರಿ, ಉಸಿರಿನ ರಭಸವನ್ನು ಕಣ್ಣಿಗೆ ಕಾಣಿಸುತ್ತವೆ. ಉಪಕರಣವಿಲ್ಲದಿದ್ದರೂ ಅಭ್ಯಾಸ ನಿಲ್ಲಬೇಕಾಗಿಲ್ಲ.

ಈ ಪಾಠವನ್ನು ಕಲಿಯಲು ತಕ್ಕ ಸಮಯ ಶಸ್ತ್ರಚಿಕಿತ್ಸೆಗೆ ಮೊದಲು. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನಲ್ಲಿ ಮೇಲುಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಒಳಗಾಗಲಿದ್ದ 441 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಕಿರುಹೊತ್ತಗೆಯನ್ನಷ್ಟೇ ಕೊಟ್ಟರು. ಇನ್ನೊಂದು ಗುಂಪಿಗೆ ಅದರೊಡನೆ ಭೌತಚಿಕಿತ್ಸಕರು ಮುಂಚಿತವಾಗಿ ಅರ್ಧ ಗಂಟೆ ಉಸಿರಾಟವನ್ನು ಕಲಿಸಿದರು. ಮೊದಲನೆಯ ಗುಂಪಿನಲ್ಲಿ ನೂರಕ್ಕೆ 27 ಮಂದಿಗೆ ಶ್ವಾಸಕೋಶದ ತೊಡಕು ಉಂಟಾದರೆ, ಎರಡನೆಯದರಲ್ಲಿ 12 ಮಂದಿಗೆ ಮಾತ್ರ. ಶಸ್ತ್ರವೈದ್ಯರ ಕೈಚಳಕದಷ್ಟೇ ರೋಗಿಯ ಅರಿವೂ ಪ್ರಯತ್ನವೂ ಗುಣವಾಗಲು ಅಗತ್ಯವೆಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕಿಲ್ಲ.