ಒಂದನೆಯ ಪಾವಾವೊ ಶುಬಿಚ್

ಒಂದನೆಯ ಪಾವಾವೊ ಶುಬಿಚ್ (ಸು. 1245 – ಮೇ 1, 1312) ಮಧ್ಯಯುಗದ ಕ್ರೊಯೇಷಿಯಾದ ಪ್ರಬಲ ಸಾಮಂತನು. ಮೂರೂವರೆ ದಶಕಗಳಿಗೂ ಮಿಗಿಲಾಗಿ ಅಲ್ಲಿನ 'ಬಾನ್' ಪದವಿಯಲ್ಲಿದ್ದನು. 1102ರಿಂದ ಕ್ರೊಯೇಷಿಯಾ ಮತ್ತು ಹಂಗೇರಿಗಳಿಗೆ ಒಬ್ಬನೇ ರಾಜನಿದ್ದನು. ದೂರದ ಆ ರಾಜನ ಪರವಾಗಿ ಆಡಳಿತ ನಡೆಸುವವನೇ ಬಾನ್. ಹೆಸರಿಗೆ ರಾಜಪ್ರತಿನಿಧಿಯಾದರೂ ಪಾವಾವೊ ಸ್ವತಂತ್ರ ಅರಸನಂತೆಯೇ ಆಳಿದನು.

ಕುಟುಂಬ

ಶುಬಿಚ್ ಮನೆತನದ ಮೂಲಸ್ಥಾನ ಶಿಬೆನಿಕ್ ಪಟ್ಟಣದ ಒಳನಾಡಿನಲ್ಲಿರುವ ಬ್ರಿಬಿರ್ ಎಂಬ ಬೆಟ್ಟದ ಕೋಟೆ. ಪಾವಾವೊನ ತಂದೆ ಸ್ತೆಪ್ಕೊ. ತಮ್ಮಂದಿರು ಯುರಾಯ್ ಮತ್ತು ಮ್ಲಾದೆನ್. ಕರಾವಳಿಯ ಪಟ್ಟಣಗಳ ಅಧಿಕಾರವನ್ನು ಸೋದರರು ಹಂಚಿಕೊಂಡಿದ್ದರು. ಮನೆತನದ ಬಲವೆಲ್ಲ ಈ ಒಗ್ಗಟ್ಟಿನಲ್ಲಿತ್ತು. ಪತ್ನಿ ಉರ್ಸಾ 1303ರಲ್ಲಿ ತೀರಿಕೊಂಡಳು.

ರಾಜನನ್ನು ತಂದವರು

ಹಂಗೇರಿಯ ಸಿಂಹಾಸನಕ್ಕಾಗಿ ಮೂರನೆಯ ಆಂಡ್ರೂ ಮತ್ತು ನೇಪಲ್ಸ್‌ನ ಆಂಜೂ ಮನೆತನದವರ ನಡುವೆ ಸ್ಪರ್ಧೆ ನಡೆದಿತ್ತು. ಇಬ್ಬರಿಗೂ ಶುಬಿಚ್‌ರ ಬೆಂಬಲ ಬೇಕಾಗಿತ್ತು. 1293ರಲ್ಲಿ ಆಂಡ್ರೂ ಬಾನ್ ಪದವಿಯನ್ನು ಅವರಿಗೆ ವಂಶಪಾರಂಪರ್ಯವಾಗಿ ಬಿಟ್ಟುಕೊಟ್ಟನು. ಆದರೂ ಪಾವಾವೊ ಒಲಿದದ್ದು ಆಂಜೂಗಳ ಕಡೆಗೇ. 1300ರಲ್ಲಿ ತಮ್ಮ ಯುರಾಯ್ ನೇಪಲ್ಸ್‌ಗೆ ಹೋಗಿ ಹನ್ನೆರಡು ವರ್ಷದ ಬಾಲಕ ಚಾರ್ಲ್ಸ್ ರಾಬರ್ಟ್‌ನನ್ನು ಸ್ಪ್ಲಿಟ್ ಬಂದರಿಗೆ ಕರೆತಂದನು. ಅಲ್ಲಿಂದ ಬಾಲಕನನ್ನು ಜಾಗ್ರೆಬ್‌ಗೆ ಒಯ್ಯಲಾಯಿತು. 1301ರ ಜನವರಿಯಲ್ಲಿ ಆಂಡ್ರೂ ಮರಣ ಹೊಂದಿದ್ದರಿಂದ ಅವನ ದಾರಿ ತೆರೆಯಿತು.

ಈ ನಡುವೆ ಪಾವಾವೊ 1299ರ ವೇಳೆಗೆ 'ಬೋಸ್ನಿಯಾದ ಒಡೆಯ' ಎಂಬ ಬಿರುದನ್ನೂ ಧರಿಸಿದ್ದನು. ಆ ನಾಡನ್ನು ನೋಡಿಕೊಳ್ಳುತ್ತಿದ್ದ ತಮ್ಮ ಮ್ಲಾದೆನ್ 1304ರಲ್ಲಿ ಅಲ್ಲಿಯೇ ಹತನಾದನು. 1311ರಲ್ಲಿ ಜಾದರ್ ನಗರವು ವೆನಿಸ್ ವಿರುದ್ಧ ಬಂಡೆದ್ದಾಗ ಪಾವಾವೊ ಅದಕ್ಕೆ ಬೆಂಬಲವಿತ್ತನು. ಹೋರಾಟ ಮುಗಿಯುವ ಮೊದಲೇ ನಿಧನನಾದನು.

ಪತನ ಮತ್ತು ಸಂತತಿ

ಹಿರಿಯ ಮಗ ಎರಡನೆಯ ಮ್ಲಾದೆನ್‌ಗೆ ತಂದೆಯ ಪದವಿ ದೊರೆತರೂ ತಂದೆಯ ಕಾಲದ ಒಗ್ಗಟ್ಟು ಉಳಿಯಲಿಲ್ಲ. 1322ರಲ್ಲಿ ಬ್ಲಿಸ್ಕಾ ಕದನದಲ್ಲಿ ಸ್ವಂತ ತಮ್ಮನೇ ಎದುರಾಳಿಗಳ ಪಕ್ಷದಲ್ಲಿದ್ದನು. ಸೋತ ಮ್ಲಾದೆನ್‌ನನ್ನು ಸೆರೆಹಿಡಿದು ಹಂಗೇರಿಗೆ ಒಯ್ದವನು ಬೇರಾರೂ ಅಲ್ಲ, ಶುಬಿಚ್‌ರೇ ಕರೆತಂದು ಪಟ್ಟದ ಹಾದಿಗೆ ಹಚ್ಚಿದ್ದ ಚಾರ್ಲ್ಸ್ ರಾಬರ್ಟ್. ವಂಶಪಾರಂಪರ್ಯದ ಬಾನ್ ಪದವಿ ಎರಡೇ ತಲೆಮಾರಿಗೆ ಕೊನೆಗೊಂಡಿತು.

ಪಾವಾವೊನ ಮೊಮ್ಮಗಳು ಯೆಲೆನಾಳ ಮಗನೇ 1377ರಲ್ಲಿ ಬೋಸ್ನಿಯಾದ ಮೊದಲ ರಾಜನಾದ ತ್ವರ್ತ್ಕೊ. ಮನೆತನದ ಒಂದು ಶಾಖೆಯು 1347ರಲ್ಲಿ ಒಸ್ತ್ರೊವಿತ್ಸಾ ಕೋಟೆಯನ್ನು ರಾಜನಿಗೆ ಒಪ್ಪಿಸಿ ಬದಲಿಗೆ ಜ್ರಿನ್ ಕೋಟೆಯನ್ನು ಪಡೆದು ಜ್ರಿನ್ಸ್ಕಿ ಎಂಬ ಹೆಸರು ತಳೆಯಿತು. 1566ರಲ್ಲಿ ಸಿಗೆತ್ ಕೋಟೆಯನ್ನು ತುರ್ಕರಿಂದ ರಕ್ಷಿಸಲು ಹೋರಾಡಿ ಮಡಿದ ನಿಕೋಲಾ ಜ್ರಿನ್ಸ್ಕಿ ಈ ಶಾಖೆಯವನು.